ತಂಗಡಿ ಗಿಡ ಬರವನ್ನು ತಡೆದುಕೊಳ್ಳುವ ಬಗೆ

ಚಿತ್ರದುರ್ಗದಿಂದ ಚಳ್ಳಕೆರೆಗೋ ಶಿರಾದಿಂದ ಪಾವಗಡಕ್ಕೋ ಹೋಗುವ ದಾರಿಯ ಇಕ್ಕೆಲಗಳಲ್ಲಿ, ಗೋಮಾಳಗಳಲ್ಲಿ, ಹೊಲದ ಬದುಗಳಲ್ಲಿ, ಬೇರೇನೂ ಹುಟ್ಟದ ಗರಸು ಮಣ್ಣಿನ ದಿಬ್ಬಗಳಲ್ಲಿ ಆಳೆತ್ತರಕ್ಕೆ ಬೆಳೆದು, ಕೊಂಬೆಗಳ ತುದಿಯಲ್ಲಿ ಹೊಂಬಣ್ಣದ ಹೂಗೊಂಚಲು ಹೊತ್ತು ನಿಲ್ಲುವ ಪೊದೆಯೇ ತಂಗಡಿ. ತಂಗಟೆ, ಆವರಿಕೆ, ಹೊನ್ನಾವರಿಕೆ ಎಂಬ ಹೆಸರುಗಳೂ ಅದಕ್ಕಿವೆ. ದಕ್ಷಿಣ ಭಾರತದ ಬಯಲುಸೀಮೆ ಮತ್ತು ಶ್ರೀಲಂಕಾದ ಒಣ ವಲಯ ಇದರ ತವರು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಕೊಟ್ಟ ಶಾಸ್ತ್ರೀಯ ಹೆಸರು ಕ್ಯಾಸಿಯ ಆರಿಕ್ಯುಲೇಟ. ಈಗ ಸಸ್ಯವಿಜ್ಞಾನಿಗಳು ಸೆನ್ನ ಆರಿಕ್ಯುಲೇಟ ಎನ್ನುತ್ತಾರೆ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದೂ ನಂಬಿಕೆಯಿಲ್ಲದಂತೆ ಬೀಳುವ ಸೀಮೆಯಲ್ಲಿ ಈ ಗಿಡ ಬೇಸಗೆಯಲ್ಲೂ ಹಸಿರಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಹೇಗೆ ಸಾಧ್ಯ ಎಂದು ಕೇಳಿದರೆ ‘ಬೇರು ಆಳಕ್ಕೆ ಹೋಗುತ್ತದೆ’ ಎಂಬ ಉತ್ತರ ತಟ್ಟನೆ ಸಿಗುತ್ತದೆ. ಉತ್ತರ ಸರಿಯಾದದ್ದೇ, ಆದರೆ ಅರ್ಧದಷ್ಟು ಮಾತ್ರ. ನೀರನ್ನು ಹುಡುಕಿ ತರುವುದು ಒಂದು ಕೆಲಸವಾದರೆ, ಆ ನೀರನ್ನು ವ್ಯಯಿಸಿ ಕಟ್ಟಿಕೊಂಡ ಎಲೆ, ತೊಗಟೆ, ಪರಾಗ, ಬೀಜಗಳನ್ನು ಪೋಲಾಗದಂತೆ ಕಾಯ್ದುಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ತಂಗಡಿಯ ವಿಶೇಷವಿರುವುದು ಈ ಎರಡನೆಯದರಲ್ಲಿ. ಮನುಷ್ಯರು ಅದರಿಂದ ಪಡೆದ ಉಪಯೋಗಗಳಲ್ಲಿ ಬಹುಪಾಲು ಹುಟ್ಟಿದ್ದೂ ಅಲ್ಲಿಯೇ.

ಮೊದಲು ಗಿಡದ ಗುರುತು ಸರಿಯಾಗಿ ಸಿಗಬೇಕು, ಏಕೆಂದರೆ ಹಳದಿ ಹೂವಿನ ನೆಂಟರು ಇದಕ್ಕೆ ಬಹಳ. ತಂಗಡಿಯ ಒಂದು ಎಲೆಯಲ್ಲಿ ಎಂಟರಿಂದ ಹನ್ನೆರಡು ಜೋಡಿ ಕಿರುಎಲೆಗಳಿರುತ್ತವೆ. ಪ್ರತಿ ಜೋಡಿಯ ನಡುವೆ ದಂಟಿನ ಮೇಲೆ ಕಡ್ಡಿಯಂತೆ ನೆಟ್ಟಗೆ ನಿಂತ ಪುಟ್ಟ ಗ್ರಂಥಿಯೊಂದು ಇರುತ್ತದೆ. ಎಲೆತೊಟ್ಟು ಕಾಂಡವನ್ನು ಸೇರುವ ಕಡೆ ಕಿವಿಯ ಆಕಾರದ, ಅಗಲವಾದ ಹಸಿರು ಹಾಳೆಯೊಂದು ಅಂಟಿಕೊಂಡಿರುತ್ತದೆ. ಈ ಕಿವಿಯೇ ಗಿಡದ ಖಚಿತ ಗುರುತು. ಹೂವಿಲ್ಲದ ಕಾಲದಲ್ಲೂ ಇದನ್ನು ನೋಡಿ ತಂಗಡಿಯನ್ನು ಹೇಳಬಹುದು. ಕಾಯಿ ಚಪ್ಪಟೆಯಾಗಿ, ಒಣಗಿದ ಮೇಲೆ ಕಾಗದದಂತೆ ತೆಳ್ಳಗಾಗಿ, ಒಳಗಿನ ಬೀಜಗಳ ಉಬ್ಬು ಹೊರಗೆ ಕಾಣುವಂತಿರುತ್ತದೆ. ಹಿತ್ತಿಲ ತಿಪ್ಪೆಯ ಮೇಲೆ ಮಳೆಗಾಲದಲ್ಲಿ ಹುಟ್ಟಿ ಚಳಿಗಾಲಕ್ಕೆ ಸಾಯುವ ತಗಚೆ ಇದಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸೋನಾಮುಖಿ ಎಂದು ಮಾರುವ, ಭೇದಿಗೆ ಕೊಡುವ ನೆಲಾವರಿಕೆಯೂ ಇದಲ್ಲ. ಹೆಸರಿನ ಹೋಲಿಕೆಯಿಂದ ಇವೆರಡನ್ನು ಒಂದೆಂದು ತಿಳಿದು ಕಷಾಯ ಕುಡಿದವರಿಗೆ ಹೊಟ್ಟೆಯೇ ವ್ಯತ್ಯಾಸ ತಿಳಿಸುತ್ತದೆ. ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಹಬ್ಬಿ ಅರಣ್ಯ ಇಲಾಖೆಗೆ ತಲೆನೋವಾಗಿರುವ ಹಳದಿ ಹೂವಿನ ಸೆನ್ನ ಸ್ಪೆಕ್ಟಾಬಿಲಿಸ್ ಅಮೆರಿಕ ಖಂಡದಿಂದ ಬಂದ ಮರ. ಕುಲ ಒಂದೇ ಆದರೂ ಅದು ತಂಗಡಿಯಲ್ಲ.

ಯಾವ ಗಿಡಕ್ಕೇ ಆಗಲಿ, ಬರ ಒಡ್ಡುವ ಸಮಸ್ಯೆ ಒಂದೇ. ಆಹಾರ ತಯಾರಿಸಲು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಬೇಕು. ಅದಕ್ಕಾಗಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆಯಬೇಕು. ತೆರೆದ ಕ್ಷಣದಿಂದ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಒಳಗೆ ಬಂದ ಅನಿಲದ ಒಂದೊಂದು ಅಣುವಿಗೂ ನೀರಿನ ನೂರಾರು ಅಣುಗಳನ್ನು ತೆರಬೇಕಾಗುತ್ತದೆ. ರಂಧ್ರಗಳನ್ನು ಮುಚ್ಚಿಕೊಂಡರೆ ನೀರು ಉಳಿಯುತ್ತದೆ, ಆದರೆ ಹೊಟ್ಟೆಗಿಲ್ಲ. ಮೇಲಾಗಿ ಆವಿಯಾಗುವ ನೀರು ಎಲೆಯನ್ನು ತಂಪಾಗಿಡುತ್ತಿದ್ದುದೂ ನಿಂತು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎಲೆ ಬೇಯುತ್ತದೆ. ತಂಗಡಿ ಈ ಇಕ್ಕಟ್ಟನ್ನು ಎಲೆಯ ವಿನ್ಯಾಸದಿಂದಲೇ ಒಂದಷ್ಟು ಸಡಿಲಗೊಳಿಸಿಕೊಂಡಿದೆ. ಅಗಲವಾದ ಎಲೆಯ ಮೇಲೆ ನಿಶ್ಚಲವಾದ ಬಿಸಿಗಾಳಿಯ ಪದರ ದಪ್ಪವಾಗಿ ಕೂರುತ್ತದೆ, ಆದ್ದರಿಂದ ಶಾಖ ಬೇಗ ಹೊರಗೆ ಹೋಗುವುದಿಲ್ಲ. ಎರಡು ಮೂರು ಸೆಂಟಿಮೀಟರ್ ಉದ್ದದ ಕಿರುಎಲೆಯ ಮೇಲೆ ಆ ಪದರ ತೆಳುವಾಗಿರುತ್ತದೆ. ಸ್ವಲ್ಪ ಗಾಳಿ ಆಡಿದರೂ ಶಾಖ ಗಾಳಿಗೆ ಸೇರಿಹೋಗುತ್ತದೆ, ತಂಪಾಗಲು ನೀರನ್ನೇ ಸುರಿಯಬೇಕಾಗಿಲ್ಲ. ಹುಣಸೆ, ಜಾಲಿ, ಬನ್ನಿಯಂಥ ಒಣನಾಡಿನ ಮರಗಳೆಲ್ಲ ಕಿರುಎಲೆಯವೇ ಆಗಿರುವುದು ಆಕಸ್ಮಿಕವಲ್ಲ. ಬರ ತೀವ್ರವಾದಾಗ ತಂಗಡಿ ಕೆಳಗಿನ ಹಳೆಯ ಎಲೆಗಳನ್ನು ಉದುರಿಸಿ, ತುದಿಯ ಎಲೆಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ತಾಯಿಬೇರು ಗರಸಿನ ಸಂದುಗಳಲ್ಲಿ ಇಳಿದು, ಮೇಲ್ಮಣ್ಣು ಒಣಗಿದ ಎಷ್ಟೋ ದಿನಗಳ ಮೇಲೂ ತೇವ ಉಳಿದಿರುವ ಪದರವನ್ನು ಮುಟ್ಟುತ್ತದೆ. ಮೇಲಿನ ಭಾಗವನ್ನು ಕಡಿದರೆ ಬುಡದಿಂದ ಹಲವು ಕವಲುಗಳು ಒಟ್ಟಿಗೆ ಚಿಗುರುತ್ತವೆ. ಬಯಲಿನಲ್ಲಿ ಕಾಣುವ ದಟ್ಟ ಪೊದೆಗಳಲ್ಲಿ ಅನೇಕವು ಹೀಗೆ ಕತ್ತಿಗೆ ಸಿಕ್ಕು ಮತ್ತೆ ಎದ್ದವು.

ಇಷ್ಟಾದರೂ ಬೇಸಗೆಯ ಬಯಲಿನಲ್ಲಿ ಹಸಿರಾಗಿ ನಿಲ್ಲುವುದು ಅಪಾಯಕಾರಿ, ಏಕೆಂದರೆ ಹುಲ್ಲು ಸುಟ್ಟುಹೋದ ಮೇಲೆ ಮೇಯುವ ಎಲ್ಲ ಬಾಯಿಗಳೂ ಹಸಿರು ಇರುವ ಕಡೆಗೇ ತಿರುಗುತ್ತವೆ. ನೀರು ಗೊಬ್ಬರ ಸಿಗುವ ಜಾಗದ ಗಿಡ ತಿಂದುಹೋದ ಎಲೆಯ ಬದಲು ವಾರದಲ್ಲಿ ಹೊಸದನ್ನು ತರಬಲ್ಲದು. ಗರಸು ಮಣ್ಣಿನ ಗಿಡಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ನಿಧಾನವಾಗಿ ಬೆಳೆಯುವ ಗಿಡಗಳು ತಮ್ಮ ಗಳಿಕೆಯ ದೊಡ್ಡ ಪಾಲನ್ನು ರಕ್ಷಣೆಗೇ ಮೀಸಲಿಡುತ್ತವೆ. ತಂಗಡಿಯ ರಕ್ಷಣೆ ಟ್ಯಾನಿನ್ ಎಂಬ ಒಗರು ವಸ್ತು. ಪ್ರೋಟೀನನ್ನು ಕಂಡರೆ ಬಿಗಿಯಾಗಿ ಹಿಡಿದುಕೊಳ್ಳುವುದು ಟ್ಯಾನಿನ್ನಿನ ಗುಣ. ಎಲೆಯನ್ನು ಜಗಿದಾಗ ಅದು ಜೊಲ್ಲಿನ ಪ್ರೋಟೀನನ್ನು ಹಿಡಿದು ಬಾಯಿ ಒಣಗಿದಂತೆ ಮಾಡುತ್ತದೆ. ಹೊಟ್ಟೆಗೆ ಹೋದ ಮೇಲೆ ಮೇವಿನ ಪ್ರೋಟೀನನ್ನು ಹಿಡಿದು ಜೀರ್ಣವಾಗಗೊಡುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಆಡುಸೋಗೆಯ ಜೊತೆಗೆ ತಂಗಡಿಯನ್ನೂ ಅಪವಾದವೆಂದು ಸೇರಿಸಬೇಕು. ಕುರಿ ಮೇಕೆಗಳ ಹಿಂಡು ನಿತ್ಯ ಓಡಾಡುವ ಗೋಮಾಳದಲ್ಲೂ ಅದು ತಲೆಯೆತ್ತಿ ನಿಂತಿರುತ್ತದೆ. ಎಲೆದಂಟಿನ ಮೇಲಿನ ಗ್ರಂಥಿಗಳು ಒಸರುವ ಸಿಹಿ ದ್ರವಕ್ಕೆ ಇರುವೆಗಳು ಬರುತ್ತವೆ, ಬಂದವು ಎಲೆ ತಿನ್ನುವ ಕೀಟಗಳನ್ನು ಒಂದಿಷ್ಟು ದೂರವಿಡುತ್ತವೆ. ಆದರೂ ಈ ಕೋಟೆಯನ್ನು ದಾಟಿದವರಿದ್ದಾರೆ: ತಿಳಿಹಸಿರು ಛಾಯೆಯ ಬಿಳಿ ರೆಕ್ಕೆಯ ವಲಸೆ ಚಿಟ್ಟೆಗಳ ಮರಿಹುಳುಗಳು ಈ ಕುಲದ ಎಲೆಗಳನ್ನೇ ತಿಂದು ಬೆಳೆಯುತ್ತವೆ.

ಇಲ್ಲಿ ರೈತರಲ್ಲೂ ಕೃಷಿ ಬರಹಗಳಲ್ಲೂ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ತಂಗಡಿ ದ್ವಿದಳ ಜಾತಿಯ ಗಿಡ, ಹಾಗಾಗಿ ಅದು ತೊಗರಿ ಹುರುಳಿಗಳಂತೆ ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತದೆ ಎಂದು ಹೇಳುವುದುಂಟು. ವಾಸ್ತವದಲ್ಲಿ ಸೆನ್ನ ಕುಲದ ಗಿಡಗಳು ಬೇರುಗಂಟುಗಳನ್ನು ಕಟ್ಟುವುದಿಲ್ಲ. ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳ ಒಡನಾಟ ಅವಕ್ಕಿಲ್ಲ. ಹಾಗಿದ್ದರೆ ತಂಗಡಿ ಸೊಪ್ಪನ್ನು ಗದ್ದೆಗೆ ತುಳಿಸಿದರೆ ಪೈರು ಚೆನ್ನಾಗಿ ಬರುವುದೇಕೆ ಎಂಬ ಪ್ರಶ್ನೆ ಸಹಜ. ಆ ಸೊಪ್ಪಿನಲ್ಲಿ ಸಾರಜನಕ ಇರುವುದು ನಿಜ. ಆದರೆ ಅದು ಹೊಸದಾಗಿ ಗಾಳಿಯಿಂದ ಬಂದದ್ದಲ್ಲ, ಬೇರು ಮಣ್ಣಿನ ಆಳದಿಂದ ಎತ್ತಿ ತಂದದ್ದು. ಗೋಮಾಳದ ಸೊಪ್ಪನ್ನು ಕೊಯ್ದು ಗದ್ದೆಗೆ ಹಾಕಿದಾಗ ಒಂದು ಕಡೆಯ ಸಾರ ಇನ್ನೊಂದು ಕಡೆಗೆ ಸಾಗಿತು, ಅಷ್ಟೆ. ವರ್ಷವರ್ಷವೂ ಒಂದೇ ಜಾಗದಿಂದ ಸವರಿದರೆ ಆ ಜಾಗ ಬಡವಾಗುತ್ತದೆ. ಸ್ವಂತ ಬದುವಿನ ಮೇಲೆ ತಂಗಡಿ ಬೆಳೆಸಿ, ಅದರ ಸೊಪ್ಪನ್ನು ಅದೇ ಹೊಲಕ್ಕೆ ಹಾಕುವವನ ಲೆಕ್ಕ ಮಾತ್ರ ಸರಿಹೋಗುತ್ತದೆ, ಏಕೆಂದರೆ ಬೆಳೆಯ ಬೇರಿಗೆ ಎಟುಕದ ಆಳದಲ್ಲಿದ್ದುದು ಮೇಲ್ಮಣ್ಣಿಗೆ ಮರಳುತ್ತದೆ.

ಹೂವಿನ ವಿಚಾರಕ್ಕೆ ಬಂದರೆ ಗಿಡದ ಜಿಪುಣತನ ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು ಐದು ಸೆಂಟಿಮೀಟರ್ ಅಗಲದ, ಅಂಚು ಸುಕ್ಕುಗಟ್ಟಿದ ಐದು ಎಸಳುಗಳ ಈ ಹೂವಿನಲ್ಲಿ ಮಕರಂದವಿಲ್ಲ. ಸಕ್ಕರೆ ನೀರು ಸುರಿಸಿ ಕೀಟಗಳನ್ನು ಕರೆಯುವುದು ಒಣನಾಡಿನ ಗಿಡಕ್ಕೆ ದುಬಾರಿ. ತಂಗಡಿ ಕೊಡುವುದು ಪರಾಗವನ್ನು ಮಾತ್ರ, ಅದನ್ನೂ ಅಳೆದು. ಹೂವೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಹತ್ತು ಕೇಸರಗಳು ಕಾಣುತ್ತವೆ, ಆದರೆ ಹತ್ತೂ ಒಂದೇ ತೆರನಾಗಿಲ್ಲ. ಮೇಲಿನ ಮೂರು ಬಡಕಲಾಗಿ, ಪರಾಗವಿಲ್ಲದೆ ಹೆಸರಿಗಷ್ಟೇ ಇರುತ್ತವೆ. ನಡುವಿನವು ಗಿಡ್ಡ. ಕೆಳಗಿನವು ಉದ್ದವಾಗಿ, ಕೊಕ್ಕಿನಂತೆ ಬಾಗಿ ಮುಂದೆ ಚಾಚಿರುತ್ತವೆ. ಬೇರೆ ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿ ಪುಡಿ ಹೊರಗೆ ಬಿದ್ದಿರುತ್ತದೆ. ಇಲ್ಲಿ ಕೋಶದ ತುದಿಯಲ್ಲಿ ಉಪ್ಪಿನ ಡಬ್ಬಿಗೆ ಇರುವಂಥ ಸಣ್ಣ ತೂತು ಬಿಟ್ಟರೆ ಬೇರೆ ದಾರಿಯಿಲ್ಲ. ಅಲುಗಿಸದೆ ಪರಾಗ ಬರುವುದಿಲ್ಲ. ಗಾಳಿಗೆ ಹಾರಿ, ಮಳೆಗೆ ತೊಯ್ದು ನಷ್ಟವಾಗುವುದೂ ಇಲ್ಲ.

ಈ ಡಬ್ಬಿಯನ್ನು ಅಲುಗಿಸುವ ವಿದ್ಯೆ ಎಲ್ಲ ಜೇನುಗಳಿಗೂ ಬರುವುದಿಲ್ಲ. ಒಣಮರವನ್ನು ಕೊರೆದು ಗೂಡು ಮಾಡುವ ದಪ್ಪ ಕಪ್ಪು ದುಂಬಿಗೆ ಅದು ಚೆನ್ನಾಗಿ ಗೊತ್ತು. ಅದು ಹೂವಿನ ಮೇಲೆ ಕುಳಿತು ಗಿಡ್ಡ ಕೇಸರಗಳನ್ನು ಕಾಲಿನಿಂದ ತಬ್ಬಿಕೊಂಡು, ರೆಕ್ಕೆಗಳನ್ನು ಬೀಸದೆ, ಹಾರಲು ಬಳಸುವ ಎದೆಯ ಸ್ನಾಯುಗಳನ್ನಷ್ಟೇ ವೇಗವಾಗಿ ನಡುಗಿಸುತ್ತದೆ. ಹತ್ತಿರ ನಿಂತವರಿಗೆ ಹಾರಾಟದ ಗುಂಯ್‌ಗಿಂತ ಏರಿದ ಸ್ವರದ ಝೇಂಕಾರವೊಂದು ತುಂಡುತುಂಡಾಗಿ ಕೇಳಿಸುತ್ತದೆ. ಆ ಕಂಪನಕ್ಕೆ ಗಿಡ್ಡ ಕೇಸರಗಳ ಪರಾಗ ದುಂಬಿಯ ಹೊಟ್ಟೆಯ ಕಡೆಗೆ ಉದುರುತ್ತದೆ, ಅದನ್ನು ದುಂಬಿ ಒಟ್ಟುಗೂಡಿಸಿ ಮರಿಗಳಿಗೆ ಒಯ್ಯುತ್ತದೆ. ಅದೇ ನಡುಕಕ್ಕೆ ಉದ್ದ ಕೇಸರಗಳೂ ಪರಾಗವನ್ನು ಚಿಮ್ಮಿಸುತ್ತವೆ, ಆದರೆ ಅದು ಬೀಳುವುದು ದುಂಬಿ ತನ್ನ ಕಾಲಿನಿಂದ ಸುಲಭವಾಗಿ ಒರೆಸಿಕೊಳ್ಳಲಾಗದ ಮೈಯ ಭಾಗಗಳಿಗೆ. ಕೂಲಿಯ ಪರಾಗ ಬೇರೆ, ಸಾಗಣೆಯ ಪರಾಗ ಬೇರೆ ಎಂಬ ಈ ವಿಂಗಡಣೆಯನ್ನು ಡಾರ್ವಿನ್ ಕಾಲದ ಸಸ್ಯವಿಜ್ಞಾನಿಗಳೇ ಬೇರೆ ಬೇರೆ ಹೂಗಳಲ್ಲಿ ಗಮನಿಸಿದ್ದರು. ತಂಗಡಿಯಲ್ಲಿ ಇದಕ್ಕೆ ಇನ್ನೊಂದು ಏರ್ಪಾಡು ಸೇರಿದೆ: ಕೆಲವು ಹೂಗಳ ಶಲಾಕೆ, ಅಂದರೆ ಪರಾಗವನ್ನು ಪಡೆಯುವ ಹೆಣ್ಣುಭಾಗದ ಕಡ್ಡಿ, ಎಡಕ್ಕೆ ಬಾಗಿದ್ದರೆ ಕೆಲವದರದ್ದು ಬಲಕ್ಕೆ ಬಾಗಿರುತ್ತದೆ, ಒಂದು ಇನ್ನೊಂದರ ಕನ್ನಡಿ ಬಿಂಬದಂತೆ. ಒಂದು ಬಗೆಯ ಹೂವಿನಲ್ಲಿ ದುಂಬಿಯ ಒಂದು ಪಕ್ಕಕ್ಕೆ ತಗುಲಿದ ಪರಾಗ ಇನ್ನೊಂದು ಬಗೆಯ ಹೂವಿನ ಶಲಾಕೆಗೆ ಮುಟ್ಟುವ ಸಾಧ್ಯತೆ ಹೆಚ್ಚುತ್ತದೆ. ಸಾಕುವ ಜೇನುಹುಳುಗಳಿಗೆ ಈ ನಡುಗಿಸುವ ಕಲೆ ಇಲ್ಲ. ಅವು ದುಂಬಿ ಹೋದ ಮೇಲೆ ಎಸಳಿನ ಮೇಲೆ ಚೆಲ್ಲಿದ್ದನ್ನು ಆಯ್ದುಕೊಳ್ಳುತ್ತವೆ. ಆದ್ದರಿಂದ ತಂಗಡಿ ಹೆಚ್ಚಾಗಿ ಕಾಯಿ ಕಟ್ಟಬೇಕಾದರೆ ಸುತ್ತಮುತ್ತ ದುಂಬಿ ಗೂಡು ಕೊರೆಯಲು ಒಣಗಿದ ಮರ, ಬಿದಿರು, ಹಳೆಯ ತೊಲೆಗಳಾದರೂ ಇರಬೇಕು. ಒಣಮರವನ್ನೆಲ್ಲ ಸೌದೆಗೆ ಆರಿಸಿಕೊಂಡು ಹೋದ ಊರಿನಲ್ಲಿ ಹೂವಿಗೆ ಬರವಿಲ್ಲದಿದ್ದರೂ ಕಾಯಿಗೆ ಬರ ಬರಬಹುದು.

ಮೇಕೆಯನ್ನು ದೂರವಿಟ್ಟ ಟ್ಯಾನಿನ್ನೇ ಮನುಷ್ಯನನ್ನು ಹತ್ತಿರ ಕರೆಯಿತು. ಹಸಿ ಚರ್ಮ ಕೊಳೆಯುವುದು ಅದರ ಕೊಲಾಜೆನ್ ಎಂಬ ಪ್ರೋಟೀನನ್ನು ಸೂಕ್ಷ್ಮಜೀವಿಗಳು ತಿನ್ನುವುದರಿಂದ. ಟ್ಯಾನಿನ್ ಆ ಪ್ರೋಟೀನಿನ ಎಳೆಗಳ ನಡುವೆ ಸೇರಿ ಅವನ್ನು ಒಂದಕ್ಕೊಂದು ಬೆಸೆದರೆ ಸೂಕ್ಷ್ಮಜೀವಿಗಳಿಗೆ ಹಲ್ಲು ತಾಗುವುದಿಲ್ಲ, ನೀರಿಗೆ ಉಬ್ಬುವುದೂ ಕಡಿಮೆಯಾಗುತ್ತದೆ. ತಂಗಡಿಯ ಒಣಗಿದ ತೊಗಟೆಯಲ್ಲಿ ಟ್ಯಾನಿನ್ ಪ್ರಮಾಣ ಸುಮಾರು ಶೇ 18. ಕಡ್ಡಿಗಳನ್ನು ಕಡಿದು, ತೊಗಟೆ ಸುಲಿದು, ಒಣಗಿಸಿ ಕುಟ್ಟಿದ ತಂಗಡಿ ಚಕ್ಕೆಯ ರಸದಲ್ಲಿ, ಸುಣ್ಣದ ನೀರಿನಲ್ಲಿ ನೆನೆದು ಕೂದಲು ಕಳೆದುಕೊಂಡ ತೊಗಲನ್ನು ಹಲವು ದಿನ ಇಡುತ್ತಿದ್ದರು. ಮೊದಲು ತೆಳುವಾದ ರಸ, ಆಮೇಲೆ ಗಟ್ಟಿಯಾದದ್ದು. ಮೊದಲಿಗೇ ಗಟ್ಟಿ ರಸಕ್ಕೆ ಹಾಕಿದರೆ ಮೇಲ್ಮೈ ಮಾತ್ರ ಬಿಗಿದುಕೊಂಡು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ತಂಗಡಿಯಿಂದ ಹದಗೊಂಡ ಚರ್ಮಕ್ಕೆ ಬೆಳಕಿಗೆ ಕೆಂಪೇರುವ ದೋಷವಿದೆ. ಅದನ್ನು ತಡೆಯಲು ಕೊನೆಗೆ ಅಳಲೆಕಾಯಿಯ ನೀರಿನಲ್ಲಿ ಅದ್ದಿ, ಎಣ್ಣೆ ಸವರುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಪ್ರಾಂತ್ಯದಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ, ‘ಈಸ್ಟ್ ಇಂಡಿಯಾ’ ಚರ್ಮ ಎಂದೇ ಹೆಸರಾದ ಸರಕಿನ ಬುಡದಲ್ಲಿದ್ದುದು ಈ ಗಿಡ. ಮದರಾಸು, ತಿರುಚ್ಚಿ, ದಿಂಡಿಗಲ್ಲು, ವಾಣಿಯಂಬಾಡಿಗಳ ಹದಮಾಡುವ ಕಾರ್ಖಾನೆಗಳಿಗೆ ಬಯಲುಸೀಮೆಯ ಕೂಲಿಗಳು ಸುಲಿದ ಚಕ್ಕೆ ಬೇಕಿತ್ತು. ಮೈಸೂರು ಸಂಸ್ಥಾನದ ಅರಣ್ಯ ಆದಾಯದ ಬಾಬುಗಳಲ್ಲೂ ತಂಗಡಿ ಚಕ್ಕೆಗೆ ಜಾಗವಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಈ ಚರ್ಮ ಅಪಾರವಾಗಿ ಹೋಯಿತು. ಆದರೆ ಅಷ್ಟರಲ್ಲೇ ಎರಡು ಕಡೆಯಿಂದ ಪೈಪೋಟಿ ಶುರುವಾಗಿತ್ತು. 1903ರಲ್ಲಿ ಬ್ರಿಟಿಷ್ ಎಂಜಿನಿಯರ್ ಆಲ್ಫ್ರೆಡ್ ಚಾಟರ್‌ಟನ್ ಮದರಾಸಿನಲ್ಲಿ ಕ್ರೋಮಿಯಂ ಲವಣದಿಂದ ಚರ್ಮ ಹದಮಾಡುವ ಪ್ರಯೋಗ ಆರಂಭಿಸಿದ್ದರು. ವಾರಗಳು ಹಿಡಿಯುತ್ತಿದ್ದ ಕೆಲಸವನ್ನು ಕ್ರೋಮಿಯಂ ದಿನಗಳಿಗೆ ಇಳಿಸಿತು. ಇನ್ನೊಂದು ಕಡೆ, ದಕ್ಷಿಣ ಆಫ್ರಿಕಾದ ತೋಟಗಳಿಂದ ವಾಟಲ್ ಎಂಬ ಜಾಲಿ ಜಾತಿಯ ಮರದ ತೊಗಟೆ ಹಡಗಿನಲ್ಲಿ ಬಂತು. ವಾಟಲ್‌ನಲ್ಲಿ ಟ್ಯಾನಿನ್ ಹೆಚ್ಚು, ತೋಟದಲ್ಲಿ ಬೆಳೆದದ್ದಾದ್ದರಿಂದ ಪೂರೈಕೆಯೂ ನಿಯತ. ಬಯಲಿನಲ್ಲಿ ತಾನೇ ಹುಟ್ಟಿ, ಮಳೆಯ ಮರ್ಜಿಯಂತೆ ಬೆಳೆಯುವ ಪೊದೆ ಅದರೆದುರು ನಿಲ್ಲಲಿಲ್ಲ. ಪರಿಸರದ ಕಾರಣಕ್ಕೆ ಕ್ರೋಮಿಯಂ ಬೇಡವೆಂದು ಸಸ್ಯಮೂಲದ ಹದಕ್ಕೆ ಮರಳುವ ಮಾತು ಈಗ ಕೇಳಿಬರುತ್ತದೆ. ಆದರೆ ಬಯಲಿನ ಗಿಡಗಳನ್ನೇ ಸುಲಿದು ದೊಡ್ಡ ಕಾರ್ಖಾನೆ ನಡೆಸುತ್ತೇವೆಂದರೆ ಆ ಪರಿಸರ ಕಾಳಜಿಗೆ ಅರ್ಥ ಉಳಿಯುವುದಿಲ್ಲ.

ಹೂವು ಮಾರುಕಟ್ಟೆಗೆ ಬರುವುದು ಹಬ್ಬಗಳಲ್ಲಿ. ತೆಲಂಗಾಣದ ಬತುಕಮ್ಮ ಹಬ್ಬದಲ್ಲಿ ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಹೆಂಗಸರು ತಂಗಡಿ, ಅಣ್ಣೆ, ಚೆಂಡುಹೂಗಳನ್ನು ಗೋಪುರದಂತೆ ಜೋಡಿಸಿ, ಸುತ್ತ ಹಾಡುತ್ತಾ ಕುಣಿದು, ಕೊನೆಗೆ ಕೆರೆಗೆ ಬಿಡುತ್ತಾರೆ. 2014ರಲ್ಲಿ ಹೊಸ ರಾಜ್ಯವಾದಾಗ ತೆಲಂಗಾಣ ಈ ಹೂವನ್ನೇ ರಾಜ್ಯ ಪುಷ್ಪವೆಂದು ಘೋಷಿಸಿತು. ತಮಿಳುನಾಡಿನಲ್ಲಿ ಪೊಂಗಲ್ ಮುನ್ನಾದಿನ ಬೇವಿನ ಸೊಪ್ಪಿನೊಂದಿಗೆ ಸೇರಿಸಿ ಮನೆಯ ಸೂರಿಗೆ ಕಟ್ಟುತ್ತಾರೆ. ನಮ್ಮಲ್ಲಿ ಮಧ್ಯ ಕರ್ನಾಟಕದ ಊರುಗಳಲ್ಲಿ ದೀಪಾವಳಿಗೆ ಸಗಣಿಯ ಪುಟ್ಟ ಗುಪ್ಪೆಗಳಾದ ಕೆರಕಗಳಿಗೆ ಸಿಕ್ಕಿಸುವ ಕಾಡುಹೂಗಳಲ್ಲಿ ಇದೂ ಒಂದು. ಮಳೆ ಮುಗಿಯುವ ಹೊತ್ತಿಗೆ ಗಿಡ ಮೈತುಂಬ ಅರಳಿರುವುದೇ ಈ ಹಬ್ಬಗಳಿಗೆ ಒದಗಿದ ಅನುಕೂಲ.

ಔಷಧಿಯ ವಿಷಯದಲ್ಲಿ ಮಾತು ಹಿಡಿತದಲ್ಲಿರಬೇಕು. ತಮಿಳುನಾಡಿನ ಸಾಂಪ್ರದಾಯಿಕ ಪದ್ಧತಿಯಾದ ಸಿದ್ಧವೈದ್ಯದಲ್ಲಿ ತಂಗಡಿಯ ಕಷಾಯಕ್ಕೆ ಸಕ್ಕರೆ ಕಾಯಿಲೆಯ ಚಿಕಿತ್ಸೆಯಲ್ಲಿ ಹಳೆಯ ಸ್ಥಾನವಿದೆ, ಶ್ರೀಲಂಕಾದಲ್ಲಿ ರಣವರ ಎಂಬ ಹೆಸರಿನಲ್ಲಿ ಇದರ ಹೂವನ್ನು ಚಹಾದಂತೆ ಕುದಿಸಿ ಕುಡಿಯುತ್ತಾರೆ. ಪ್ರಯೋಗಾಲಯದ ಇಲಿಗಳಲ್ಲಿ ರಕ್ತದ ಸಕ್ಕರೆ ಇಳಿದದ್ದನ್ನು ಹಲವು ಸಂಶೋಧನೆಗಳು ತೋರಿಸಿವೆ. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರದ್ದು. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ಹೂವಿನ ಪುಡಿಯನ್ನು ನೆಚ್ಚಲು ಅಷ್ಟು ಆಧಾರ ಸಾಲದು. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೈನ್ ಮಾತ್ರೆಯ ಪ್ರಮಾಣವನ್ನು ಈ ಚಹಾ ರಕ್ತದಲ್ಲಿ ಏರಿಸುವುದೂ ಇಲಿಗಳ ಮೇಲಿನ ಪ್ರಯೋಗದಲ್ಲೇ ಕಂಡಿದೆ, ಆದ್ದರಿಂದ ಅಂಥ ಮಾತ್ರೆ ತೆಗೆದುಕೊಳ್ಳುವವರು ಇದನ್ನು ದಿನವೂ ಕುಡಿಯುವ ಮುನ್ನ ವೈದ್ಯರನ್ನು ಕೇಳುವುದೇ ಸರಿ.

ಇಷ್ಟು ಗಟ್ಟಿಯಾದ ಗಿಡಕ್ಕೆ ಅಪಾಯ ಬರುತ್ತಿರುವುದು ಬರದಿಂದಲ್ಲ, ಲೆಕ್ಕದ ಪುಸ್ತಕದಿಂದ. ಕೇಂದ್ರ ಸರ್ಕಾರ 2000ದಿಂದ ಪ್ರಕಟಿಸುತ್ತಿರುವ ಪಾಳುಭೂಮಿಯ ನಕ್ಷೆಗಳಲ್ಲಿ ಕುರುಚಲು ಭೂಮಿಯೂ ಪಾಳು ಎಂದೇ ದಾಖಲಾಗುತ್ತದೆ. ಪಾಳು ಎಂದಾದ ಮೇಲೆ ಅಲ್ಲಿ ಗುಂಡಿ ತೋಡಿ ನೀಲಗಿರಿ ನೆಡುವುದು ಅಭಿವೃದ್ಧಿ, ಸಮತಟ್ಟು ಮಾಡಿ ಸೌರ ವಿದ್ಯುತ್ತಿನ ಹಲಗೆ ಹಾಸುವುದೂ ಅಭಿವೃದ್ಧಿ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ವಿದ್ಯುತ್ ಪಾರ್ಕ್ ಇಂಥ ಬೆಂಗಾಡು ಸೀಮೆಯಲ್ಲೇ ಎದ್ದದ್ದು. ವಿದ್ಯುತ್ ಬೇಡ ಎನ್ನಲಾಗದು, ಆದರೆ ಅಲ್ಲಿ ಮೊದಲು ಏನೂ ಇರಲಿಲ್ಲ ಎನ್ನುವುದೂ ಸುಳ್ಳು. ಸೌದೆಗೆಂದು ತಂದ ಬಳ್ಳಾರಿ ಜಾಲಿ ಇನ್ನೊಂದು ಕಡೆಯಿಂದ ಗೋಮಾಳಗಳನ್ನು ಮುಚ್ಚುತ್ತಿದೆ. ಅದರ ಕಾಯಿಯನ್ನು ದನಕುರಿಗಳು ಇಷ್ಟಪಟ್ಟು ತಿಂದು ಸಗಣಿ ಹಿಕ್ಕೆಯಲ್ಲಿ ಬೀಜ ಹರಡುತ್ತವೆ; ಯಾರಿಗೂ ಬೇಡವಾಗಿ ಬದುಕುವ ತಂಗಡಿಗೆ ಹಾಗೆ ಹೊತ್ತೊಯ್ಯುವವರು ಯಾರೂ ಇಲ್ಲ. ಬರದ ನಾಡಿನಲ್ಲಿ ರಕ್ಷಣೆಗೆ ಅದು ತೆತ್ತ ಬೆಲೆ ಇದು.

ಬದುವಿನಲ್ಲೋ ಮನೆಯ ಬೇಲಿಗೋ ತಂಗಡಿ ಬೆಳೆಸಬೇಕೆನ್ನುವವರು ಬೀಜದ ಸ್ವಭಾವವನ್ನು ತಿಳಿದಿರಬೇಕು. ಬೀಜದ ಸಿಪ್ಪೆ ನೀರನ್ನು ಒಳಗೆ ಬಿಡದಷ್ಟು ಗಟ್ಟಿ. ಮೊದಲ ಹದಮಳೆಗೇ ಎಲ್ಲ ಬೀಜಗಳೂ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ಇಡೀ ಪೀಳಿಗೆ ಒಣಗಿಹೋಗುತ್ತದೆ. ಸಿಪ್ಪೆ ಒಂದೊಂದು ಬೀಜದಲ್ಲಿ ಒಂದೊಂದು ಕಾಲಕ್ಕೆ ಸವೆಯುವುದರಿಂದ ಮೊಳಕೆ ಹಲವು ಮಳೆಗಳಿಗೆ ಹಂಚಿಹೋಗುತ್ತದೆ. ಒಟ್ಟಿಗೆ ಮೊಳೆಯಬೇಕಾದರೆ ನೀರನ್ನು ಕುದಿಸಿ ಒಲೆಯಿಂದ ಇಳಿಸಿ, ಬೀಜ ಹಾಕಿ ರಾತ್ರಿಯಿಡೀ ಬಿಡಬೇಕು, ಇಲ್ಲವೇ ಒರಟು ಮರಳಿನಲ್ಲಿ ಉಜ್ಜಿ ನೆನೆಸಬೇಕು. ಬೆಳಿಗ್ಗೆ ಉಬ್ಬಿದ ಬೀಜಗಳು ಬಿತ್ತಲು ತಯಾರು. ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ಇಟ್ಟರೆ ತಾಯಿಬೇರು ಸುರುಳಿ ಸುತ್ತಿಕೊಂಡು ಮುಂದೆ ಆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಜೂನ್ ಜುಲೈ ಮಳೆಗೆ ನೇರವಾಗಿ ನೆಲಕ್ಕೇ ಊರುವುದು ಒಳ್ಳೆಯದು. ನೀರು ನಿಲ್ಲುವ ಜಾಗ ಮಾತ್ರ ಆಗದು. ಮೊದಲ ವರ್ಷ ಕಳೆ ತೆಗೆದರೆ ಸಾಕು. ಬೇಸಗೆಯಲ್ಲಿ ಮರುಕಪಟ್ಟು ಮೇಲೆ ಮೇಲೆ ನೀರು ಹನಿಸಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಬಿಸಿನೀರಿಗೂ ಉಬ್ಬದೆ ಉಳಿದ ಬೀಜಗಳನ್ನು ಎಸೆಯಬಾರದು. ಅವು ಕೆಟ್ಟವಲ್ಲ, ಬದುವಿನ ಮೇಲೆ ಚೆಲ್ಲಿದರೆ ಮುಂದಿನ ವರ್ಷವೋ ಅದರಾಚೆಯೋ ಹುಟ್ಟುತ್ತವೆ.